ಪ್ರಸನ್ನಾವತಿಯ ಆಲಿಸುವ ಕೋಣೆ

ಬಹಳ ಹಿಂದೆ, ಅಂದರೆ ಜನ ಕಷ್ಟ ಬಂದಾಗ ಬಾಯಿಬಿಟ್ಟು ಅಳುತ್ತಿದ್ದ ಕಾಲಕ್ಕಿಂತ ಸ್ವಲ್ಪ ಈಚೆಗೆ, ಪ್ರಸನ್ನಾವತಿ ಎಂಬ ರಾಜ್ಯವಿತ್ತು. ಅಲ್ಲಿನ ಸದಾಪ್ರಸನ್ನ ಮಹಾರಾಜರು ತಮ್ಮ ಹುಟ್ಟುಹಬ್ಬದಂದು ರಾಜ್ಯವನ್ನು ದುಃಖಮುಕ್ತವೆಂದು ಘೋಷಿಸಿದ್ದರು. ಅಂದಿನಿಂದ ಯಾರ ಕಣ್ಣಲ್ಲಿ ನೀರು ಬಂದರೂ ಈರುಳ್ಳಿ ಹೆಚ್ಚುತ್ತಿದ್ದೆ ಎಂದು ಹೇಳಬೇಕಾಗಿತ್ತು.

ಅಷ್ಟರಲ್ಲಿ ನೆರೆರಾಜ್ಯದಲ್ಲಿ ಜನರ ನೋವು ಕೇಳುವ ಆಪ್ತಸಮಾಲೋಚಕರನ್ನು ತಯಾರಿಸುತ್ತಿದ್ದಾರೆಂಬ ಸುದ್ದಿ ಬಂತು. ನೆರೆಯವರಲ್ಲಿರುವುದು ತಮ್ಮಲ್ಲಿಲ್ಲವೆಂದರೆ ಮಹಾರಾಜರಿಗೆ ಊಟ ಸೇರುತ್ತಿರಲಿಲ್ಲ. ಒಂದೇ ವಾರದಲ್ಲಿ ರಾಜಧಾನಿಯ ಸಮುದಾಯ ಕಾಲೇಜಿನಲ್ಲಿ ಆಪ್ತಸಮಾಲೋಚನೆಯ ಸ್ನಾತಕೋತ್ತರ ತರಗತಿ ಶುರುವಾಯಿತು.

ಕುಂಬಾರಕೇರಿಯ ನೀಲಾಂಬಿಕೆ ಆ ತರಗತಿಯ ಮೊದಲ ತಂಡದವಳು. ಚಿಕ್ಕಂದಿನಿಂದಲೂ ಕೇರಿಯವರೆಲ್ಲ ತಮ್ಮ ಗೋಳನ್ನು ಅವಳ ಮುಂದೆಯೇ ತೋಡಿಕೊಳ್ಳುತ್ತಿದ್ದುದರಿಂದ ಇದು ತನಗೆ ಹೇಳಿ ಮಾಡಿಸಿದ ಕೆಲಸವೆಂದು ಅವಳು ನಂಬಿದ್ದಳು. ಪುಸ್ತಕ ಓದಿದ್ದಾಯಿತು, ಹದವಾಗಿ ತಲೆಯಾಡಿಸುವುದನ್ನು ಕಲಿತದ್ದಾಯಿತು. ಉಳಿದದ್ದು ಪ್ರಾಯೋಗಿಕ ತರಬೇತಿ. ನಿಜವಾಗಿ ದುಃಖದಲ್ಲಿರುವ ಒಬ್ಬರನ್ನು ಕೂರಿಸಿಕೊಂಡು, ಗುರುಗಳ ಕಣ್ಣೆದುರೇ ಅವರ ನೋವನ್ನು ಕೇಳಬೇಕು. ಅದಿಲ್ಲದೆ ಪದವಿ ಇಲ್ಲ. ದುಃಖಮುಕ್ತ ರಾಜ್ಯದಲ್ಲಿ ದುಃಖಿಯನ್ನು ಎಲ್ಲಿಂದ ತರುವುದು?

ಅವಳು ಮಂತ್ರಿ ತಲೆದೂಗಯ್ಯನವರ ಬಳಿ ಹೋದಳು. "ಬುದ್ಧೀ, ಅಳೋರು ಒಬ್ರಾದ್ರೂ ಬೇಕಾಗಿತ್ತು."

"ಪ್ರಭುಗಳ ಕೀರ್ತಿಗೆ ಧಕ್ಕೆ ಬಾರದ ಹಾಗೆ ಅಳಬಲ್ಲರೇನಮ್ಮಾ?" ಎಂದು ಮಂತ್ರಿಗಳು ಕೇಳಿದರು. ಮೂರು ಇಲಾಖೆಗಳು ಕೂಡಿ ಆಲೋಚಿಸಿ, ಒಬ್ಬ ಪ್ರಜೆಗೆ ಒಂದು ಮಧ್ಯಾಹ್ನದ ಮಟ್ಟಿಗೆ ತಾತ್ಕಾಲಿಕ ದುಃಖ ಪರವಾನಗಿ ದಯಪಾಲಿಸಿದವು. ಸಂಜೆಯೊಳಗೆ ದುಃಖ ಮುಗಿಯತಕ್ಕದ್ದು ಎಂಬುದು ಷರತ್ತು.

ಪರವಾನಗಿ ಸಿಕ್ಕಿದ್ದು ಸೊಪ್ಪು ಮಾರುವ ಹೊನ್ನವ್ವನಿಗೆ. ಹೊಳೆಯ ಸೇತುವೆ ಮುರಿದು ಬಿದ್ದಾಗಿನಿಂದ ಅವಳು ಎದೆಮಟ್ಟದ ನೀರಿನಲ್ಲಿ ಬುಟ್ಟಿ ಹೊತ್ತು ಸಂತೆಗೆ ಬರುತ್ತಿದ್ದಳು.

ಕಾಲೇಜಿನಲ್ಲಿ ಇದಕ್ಕೆಂದೇ ಎರಡು ಕೋಣೆಗಳಿದ್ದವು, ನಡುವೆ ದೊಡ್ಡದೊಂದು ಗಾಜು. ದೀಪ ಉರಿಯುವ ಕೋಣೆಯವರಿಗೆ ಆ ಗಾಜು ಕನ್ನಡಿ, ಕತ್ತಲೆಯ ಕೋಣೆಯವರಿಗೆ ಕಿಟಕಿ. ಗುರುಗಳು ಕತ್ತಲೆಯಲ್ಲಿ ಕೂತು, ಬೆಳಕಿನಲ್ಲಿರುವ ಶಿಷ್ಯೆಯನ್ನು ಅವಳಿಗೆ ಕಾಣದಂತೆ ನೋಡಿ ತಿದ್ದಬೇಕು. ಮಾತು ಕೇಳಿಸಲು ಗೋಡೆಯಲ್ಲಿ ಒಂದು ಕೊಳವೆಯಿತ್ತು. ಆದರೆ ಆ ದಿನ ಗುರುಗಳ ಪೀಠದಲ್ಲಿ ಸ್ವತಃ ಮಹಾರಾಜರೇ ಬಂದು ಕೂತರು.

"ಪ್ರಭುಗಳು ಕತ್ತಲಲ್ಲಿ ಕೂರುವುದುಂಟೆ?" ಎಂದು ತಲೆದೂಗಯ್ಯನವರು ಆಳುಗಳನ್ನು ಗದರಿ, ಅಲ್ಲಿ ಹತ್ತಾರು ದೀಪ ಹಚ್ಚಿಸಿದರು. ಇಂಧನ ಉಳಿತಾಯ ಅಭಿಯಾನದ ಅಂಗವಾಗಿ ಹೊನ್ನವ್ವನ ಕೋಣೆಯ ದೀಪ ಆರಿಸಿದರು. ಗುರುಗಳು ಏನೋ ಹೇಳಲು ಬಾಯಿ ತೆರೆದರು, ತಮ್ಮ ಬಡ್ತಿ ನೆನಪಾಗಿ ಮುಚ್ಚಿಕೊಂಡರು.

"ಹೇಳವ್ವಾ, ಏನ್ ನೋವು ನಿಂಗೆ?" ಎಂದು ನೀಲಾಂಬಿಕೆ ಕತ್ತಲಲ್ಲೇ ಕೇಳಿದಳು.

"ಸೇತ್ವೆ ಬಿದ್ದೋಯ್ತು ಕಣವ್ವ. ಹೋದ್ವಾರ ಸೊಪ್ಪಿನ್ ಜೊತೆ ನಾನೂ ತೇಲೋಗ್ತಿದ್ದೆ. ಮನೇಲಿ ಹೇಳಂಗಿಲ್ಲ, ಅಳಂಗಿಲ್ಲ." ಹೊನ್ನವ್ವನ ದನಿ ಒಡೆಯಿತು. ನೀಲಾಂಬಿಕೆ ಕಲಿತ ಪಾಠವನ್ನೆಲ್ಲ ಮರೆತು ಅವಳ ಕೈ ಹಿಡಿದುಕೊಂಡಳು. ಅವಳಿಗೆ ನಿಜಕ್ಕೂ ಸಂಕಟವಾಯಿತು.

ಅಷ್ಟರಲ್ಲಿ ಹೊನ್ನವ್ವನ ಕಣ್ಣು ಗಾಜಿನತ್ತ ಹೊರಳಿತು. ಆಚೆ ಝಗಝಗಿಸುವ ಬೆಳಕಿನಲ್ಲಿ ಮಹಾರಾಜರು ತಮ್ಮದೇ ಬಿಂಬವನ್ನು ನೋಡುತ್ತ ಮೀಸೆ ತೀಡಿ, ಕಿರೀಟ ಸರಿಮಾಡಿಕೊಂಡು, ಕರುಣೆಯ ಮುಖವನ್ನು ಅಭ್ಯಾಸ ಮಾಡುತ್ತಿದ್ದರು. ಒಣಗಿದ ಕಣ್ಣನ್ನು ಒರೆಸಿಕೊಂಡು, ಸಾಲದೆನಿಸಿ ಮತ್ತೊಮ್ಮೆ ಒರೆಸಿಕೊಂಡರು. ಹೊನ್ನವ್ವನಿಗೆ ನಗು ತಡೆಯಲಾಗಲಿಲ್ಲ. ನೀಲಾಂಬಿಕೆಗೂ ಅಂಟಿಕೊಂಡಿತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕೊಳವೆಯಲ್ಲಿ ನಗು ಕೇಳಿದ ಮಹಾರಾಜರು ಎದ್ದು ನಿಂತರು. "ಅಳುತ್ತ ಬಂದವಳು ನಗುತ್ತಿದ್ದಾಳೆ. ನಾವು ಸುಮ್ಮನೆ ಕೂತದ್ದಕ್ಕೇ ಇಷ್ಟು ಫಲ."

"ತಮ್ಮ ಕೂರುವಿಕೆಯೇ ಚಿಕಿತ್ಸೆ, ಪ್ರಭು," ಎಂದರು ತಲೆದೂಗಯ್ಯನವರು.

ನೀಲಾಂಬಿಕೆ ಕೊಳವೆಗೆ ಬಾಯಿಟ್ಟು, "ಪ್ರಭೂ, ನಕ್ಕಿದ್ದು ಹೌದು. ಆದ್ರೆ ಅವ್ವನಿಗೆ ಬೇಕಾಗಿರೋದು ಸೇತುವೆ," ಎಂದಳು.

"ಸಮಾಲೋಚಕರು ಸಲಹೆ ಕೊಡಬಾರದು, ಪಠ್ಯದಲ್ಲೇ ಇದೆ," ಎಂದು ಮಂತ್ರಿಗಳು ಎಚ್ಚರಿಸಿದರು. ಮಹಾರಾಜರು ಗಾಜಿನತ್ತ ತಿರುಗಿ, "ನಿಮ್ಮ ನೋವು ನಮಗೆ ಅರ್ಥವಾಗುತ್ತದೆ," ಎಂದು ತಮಗೆ ತಾವೇ ಹೇಳಿಕೊಂಡರು.

ಮರುದಿನವೇ ರಾಜಾಜ್ಞೆ ಹೊರಟಿತು. ನೀರು, ರಸ್ತೆ, ಧಾನ್ಯದ ಕಚೇರಿಗಳೆಲ್ಲ ಇನ್ನು ಮುಂದೆ ಆಲಿಸುವ ಕೋಣೆಗಳು. ಮುಖ್ಯ ಕೇಂದ್ರವನ್ನು, ಅಂಥದ್ದೇ ಗಾಜಿನ ಸಮೇತ, ರಾಜಧಾನಿಯ ಹೊಳೆದಂಡೆಯಲ್ಲಿ ಕಟ್ಟಿದರು. ಕಲ್ಲು ಸಾಲದೆ ಬಂದಾಗ ಮುರಿದ ಸೇತುವೆಯಲ್ಲಿ ನಿಂತಿದ್ದ ಕಂಬಗಳನ್ನೂ ಕಿತ್ತು ತಂದರು. ನೀಲಾಂಬಿಕೆಗೆ ಪದವಿ, ಚಿನ್ನದ ಪದಕ, ಆ ಕೇಂದ್ರದ ಮುಖ್ಯಸ್ಥೆಯ ಹುದ್ದೆ ಎಲ್ಲವೂ ಒಟ್ಟಿಗೇ ಬಂದವು. ಪದಕ ಕೊರಳಿಗೆ ಬಿದ್ದಾಗ ಅವಳಿಗೆ ಸಂತೋಷವಾಗಲಿಲ್ಲ, ನಾಚಿಕೆಯಾಯಿತು.

ಹೊನ್ನವ್ವ ವಾರವಾರವೂ ಹೊಳೆ ದಾಟಿ, ಒದ್ದೆ ಸೀರೆಯಲ್ಲೇ ಬಂದು ಅವಳೆದುರು ಕೂರುತ್ತಿದ್ದಳು. ಗಾಜಿನಾಚೆ ಮಹಾರಾಜರು ಇದ್ದೇ ಇರುತ್ತಿದ್ದರು.

"ಪಾಪ, ಅವ್ರಿಗೂ ಏನೋ ಕಷ್ಟ ಇರಬೈದು ಕಣವ್ವ. ವಾರವಾರ ಬಂದು ಒಬ್ರೇ ಮಾತಾಡ್ಕೋತಾರೆ," ಎಂದಳು ಹೊನ್ನವ್ವ ಒಂದು ದಿನ. "ನಮ್ ಕಡೇಗೂ ಒಂದು ದೀಪ ಹಚ್ಚಿದ್ರೆ, ಅವ್ರ ಕಡೇದು ಆರ್ಸಿದ್ರೆ, ನಾವೂ ಕಾಣ್ತೀವೇನೋ."

ನೀಲಾಂಬಿಕೆ ಅಂದೇ ಮಂತ್ರಿಗಳಿಗೆ ಬಿನ್ನವಿಸಿದಳು, ದೀಪದ ವಿಷಯ ಪರಿಶೀಲಿಸಬೇಕೆಂದು. ಪರಿಶೀಲಿಸಿದರು. ಮಹಾರಾಜರ ಕೋಣೆಗೆ ಇನ್ನಷ್ಟು ದೀಪ ಬೇಕೆಂದೂ, ಅದರ ಎಣ್ಣೆಯನ್ನು ನೋವು ಹೇಳಿಕೊಳ್ಳಲು ಬರುವವರೇ ತರಬೇಕೆಂದೂ ಆಜ್ಞೆಯಾಯಿತು.

ಈಗ ಹೊನ್ನವ್ವ ಹೊಳೆ ದಾಟುವಾಗ ಎಣ್ಣೆಯ ಕುಡಿಕೆಯನ್ನು ಒಂದು ಕೈಯಲ್ಲಿ ಮೇಲಕ್ಕೆತ್ತಿ ಹಿಡಿದಿರುತ್ತಾಳೆ. ಸೊಪ್ಪಿನ ಬುಟ್ಟಿಗೆ ಉಳಿಯುವುದು ಇನ್ನೊಂದು ಕೈ ಮಾತ್ರ. ಎಳೆದೊಯ್ಯಲು ಹೊಳೆಗೆ ಅಷ್ಟು ಸಾಕು.