ಓವರ್‌ಸೈಟ್ ನಿಮ್ಮದು

ಪ್ರೆಸ್ಸಿನ ಮಾಲೀಕರು ಅಕ್ಷರ ಮಾರಿಯೇ ಬದುಕುವವರಾದರೂ ತಾವು ಬರೆಯುವಾಗ ಮಾತ್ರ ಕಡು ಜಿಪುಣರು. ಆ ದಿನ ಬೆಳಿಗ್ಗೆ ಪ್ರೂಫಪ್ಪನ ಮೇಜಿಗೆ ಬಂದ ಇಂಗ್ಲಿಷ್ ಚೀಟಿಯಲ್ಲಿ ಇದ್ದದ್ದು ಇಷ್ಟೇ: ಸ್ಕೂಲ್ ಡೈರಿ, ಓವರ್‌ಸೈಟ್ ನಿಮ್ಮದು, ನಾಲ್ಕು ಗಂಟೆಗೆ ಬನ್ನಿ.

ಪ್ರೂಫಪ್ಪ ಎಂದರೆ ಹನ್ನೊಂದು ವರ್ಷದಿಂದ ಅಲ್ಲಿ ಕರಡು ತಿದ್ದುತ್ತಿರುವ ಬಡಪಾಯಿ. ಹಿರಿಯ ಪ್ರೂಫ್ ರೀಡರ್ ನಿವೃತ್ತರಾಗಿ, ಕಿಟಕಿ ಪಕ್ಕದ ಅವರ ಕುರ್ಚಿ ಖಾಲಿಯಾದಂದಿನಿಂದ ಅವನ ಕಣ್ಣೆಲ್ಲ ಅದರ ಮೇಲೆಯೇ. ಹಾಗಾಗಿ ಪುಟಗಳ ಮೇಲೆ ಕಣ್ಣು ತುಸು ಕಡಿಮೆಯಾಗಿತ್ತು.

ಚೀಟಿ ಹಿಡಿದು ಅವನು ಓಡಿದ್ದು ಮಶೀನ್ ನಡೆಸುವ, ಡಿಕ್ಷನರಿ ಎಂದೇ ಎಲ್ಲರೂ ಕರೆಯುವವನ ಬಳಿಗೆ. ಯಾವ ಇಂಗ್ಲಿಷ್ ಪದ ಕೊಟ್ಟರೂ ಎರಡು ತುಂಡು ಮಾಡಿ, ಅದರ ಹುಟ್ಟು ಹೇಳುವ ಮಹಾನುಭಾವ ಆತ. ಮ್ಯಾನೇಜರ್ ಎಂದರೆ ಏಜ್ ಆದ ಮ್ಯಾನ್ ಎಂದು ಇಡೀ ಪ್ರೆಸ್ಸಿಗೆ ಕಲಿಸಿದವನೂ ಅವನೇ.

"ಓವರ್ ಅಂದ್ರೆ ಮೇಲೆ. ಸೈಟ್ ಅಂದ್ರೆ ನೋಟ. ಮೇಲೆ ಕೂತು ನೋಡೋದು. ಮೇಲ್ವಿಚಾರಣೆ ಕಣಯ್ಯಾ! ಕುರ್ಚಿ ನಿಂದೇ!"

ಪ್ರೂಫಪ್ಪ ತಡಮಾಡದೆ ಹೆಂಡತಿಗೆ ಫೋನ್ ಮಾಡಿದ. "ನಂಗೆ ಓವರ್‌ಸೈಟ್ ಕೊಟ್ಟಿದಾರೆ ಕಣೇ!"

"ಸೈಟಾ? ಕಾರ್ನರ್ ಸೈಟಾ? ಇರಿ, ತಮ್ಮಂಗೆ ಹೇಳ್ತೀನಿ!" ಎಂದವಳೇ ಫೋನಿಟ್ಟಳು. ಐದೇ ನಿಮಿಷಕ್ಕೆ ಭಾವಮೈದುನನ ಕರೆ. "ಭಾವಾ, ನೀರಿನ ಕನೆಕ್ಷನ್ ಇದ್ಯಾ?"

ಇಂಥವರಿಗೆ ಉತ್ತರ ಕೊಡುವ ಮಟ್ಟದಲ್ಲಿ ಪ್ರೂಫಪ್ಪ ಆಗ ಇರಲಿಲ್ಲ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ಕಾಲ ಮೇಲೆ ಕಾಲು ಹಾಕಿ, ಬೈಂಡಿಂಗ್ ಅಕ್ಕನನ್ನು ಕರೆಸಿದ್ದ.

"ಹೊಲಿಗೆ ಸೊಟ್ಟಗಿದೆ. ಬಿಚ್ಚಿ ಇನ್ನೊಂದ್ಸಲ ಹಾಕಿ."

"ಯಾವ ಪಟ್ಟಕ್ಕೆ ಏರಿದೀಯಪ್ಪಾ ನೀನು?"

ಅವನು ಚೀಟಿ ತೋರಿಸಿದ. ಅಕ್ಕ ಮೊಬೈಲಿನಲ್ಲಿ ಪದ ಹುಡುಕಿ ಅವನ ಮೂಗಿಗೇ ಹಿಡಿದಳು. "ಓದು. ಓವರ್‌ಸೈಟ್: ಕಣ್ತಪ್ಪು, ಗಮನವಿಲ್ಲದೆ ಆದ ತಪ್ಪು. ಡೈರೀಲಿ ಏನೋ ಎಡವಟ್ಟು ಮಾಡಿದೀಯ. ಅದಕ್ಕೇ ಕರೆದಿದಾರೆ!"

ಪ್ರೂಫಪ್ಪ ಕುರ್ಚಿ ಬಿಟ್ಟು ತನ್ನ ಮೇಜಿಗೆ ಓಡಿದ. ಈ ವರ್ಷದ ಡೈರಿ ತೆಗೆದು ಪುಟ ಪುಟ ತಿರುವಿದ. ಫೆಬ್ರವರಿಯಲ್ಲಿ ಮೂವತ್ತು ದಿನ! ಎಂಟು ಸಾವಿರ ಪ್ರತಿಗಳು ಆಗಲೇ ಶಾಲೆಗಳಿಗೆ ಹೋಗಿಯಾಗಿತ್ತು.

ನಾಲ್ಕಕ್ಕೆ ಮಾಲೀಕರು ನಗುತ್ತಲೇ ಬರಮಾಡಿಕೊಂಡರು. "ಬನ್ನಿ, ಕೂತ್ಕೊಳ್ಳಿ..."

"ತಪ್ಪಾಯ್ತು ಸಾರ್! ಫೆಬ್ರವರಿಗೆ ಎರಡು ದಿನ ಜಾಸ್ತಿ ಆಗಿದ್ದು ನನ್ನಿಂದ್ಲೇ. ಕೆಲಸದಿಂದ ಮಾತ್ರ ತೆಗೀಬೇಡಿ!"

ಮಾಲೀಕರ ನಗು ಅಲ್ಲೇ ನಿಂತಿತು. ಡೈರಿ ತೆರೆದು, ಬೆರಳಿಟ್ಟು, ಒಂದರಿಂದ ಮೂವತ್ತರವರೆಗೆ ನಿಧಾನವಾಗಿ ಎಣಿಸಿದರು.

"ಇದು ನನಗೆ ಗೊತ್ತೇ ಇರ್ಲಿಲ್ವಲ್ರೀ!"

"ಮತ್ತೆ ಚೀಟೀಲಿ ಓವರ್‌ಸೈಟ್ ಅಂತ..."

"ಮುಂದಿನ ವರ್ಷದ ಡೈರಿಯ ಮೇಲ್ವಿಚಾರಣೆ ನಿಮ್ಮದು ಅಂತ ಬರೆದೆ. ಆ ಪದಕ್ಕೆ ಎರಡು ಅರ್ಥ ಇದೆ. ಪ್ರೂಫ್ ನೋಡೋರು ನಿಘಂಟಿನಲ್ಲಿ ಕೆಳಗಿನ ಸಾಲೂ ಓದ್ಬೇಕಲ್ವೇನ್ರೀ?"

ಡಿಕ್ಷನರಿ ಜನ್ಮದಲ್ಲಿ ಒಮ್ಮೆ ಸರಿ ಹೇಳಿದ್ದ. ಅದೇ ದಿನ ಪ್ರೂಫಪ್ಪ ಅವನನ್ನು ನಂಬುವುದು ಬಿಟ್ಟಿದ್ದ.

ಐದು ಗಂಟೆಗೆ ಇನ್ನೊಂದು ಚೀಟಿ ಬಂತು: ನಿಮ್ಮನ್ನು ಆರಿಸಿದ್ದು ನನ್ನ ಓವರ್‌ಸೈಟ್.

ಈ ಸಲ ಅರ್ಥ ಕೇಳಲು ಅವನು ಯಾರ ಬಳಿಯೂ ಹೋಗಲಿಲ್ಲ. ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಹೊರಬಂದ. ಗೇಟಿನ ಬಳಿ ಹೆಂಡತಿಯೂ ಭಾವಮೈದುನನೂ ಅಳತೆ ಟೇಪು ಹಿಡಿದು ಕಾಯುತ್ತಿದ್ದರು.