ಆರನೇ ತೂತು

ಹಾರ್ಲನ್ ವಿಗ್ಡಾಲ್ ಮೀನು ಹಿಡಿದದ್ದೇ ತಪ್ಪಾಯಿತು.

ಮಿನ್ನೆಸೋಟದ ಆ ಸರೋವರದ ದಂಡೆಯಲ್ಲಿ ಕ್ಷೌರದಂಗಡಿ ಇಟ್ಟುಕೊಂಡು ಊರಿನವರ ತಲೆಯನ್ನೆಲ್ಲ ಹಿಡಿದವನ ಕೈಗೆ, ಅಂಗೈಯಗಲದ ಪರ್ಚ್ ಮೀನಿಗಿಂತ ದೊಡ್ಡದು ಎಂದೂ ಸಿಕ್ಕಿರಲಿಲ್ಲ. ಊರ ಹೋಟೆಲಿನ ಗೋಡೆ ತುಂಬ ಮೀನು ಎತ್ತಿ ಹಿಡಿದವರ ಫೋಟೋಗಳು. ಅಲ್ಲಿ ಜಾಗ ಸಿಗದ ಗಂಡಸರೆಂದರೆ ಹಾರ್ಲನ್ ಮತ್ತು ಪಾದ್ರಿ. ಪಾದ್ರಿಗೆ ನೀರು ಕಂಡರೆ ಭಯ.

ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಮನೆಯ ಹಿಂದೆ ಸರೋವರದ ನೀರಿನ ಮೇಲೆ ಚಾಚಿದ್ದ ಮರದ ಅಟ್ಟದಲ್ಲಿ ಕೂತವನ ಗಾಳಕ್ಕೆ ತೋಳುದ್ದದ ಪೈಕ್ ಮೀನು ಕಚ್ಚಿತು. ಬಾತುಕೋಳಿಯ ಮೂತಿ, ಬೇಟೆನಾಯಿಯ ಹಲ್ಲು. ಹಾರ್ಲನ್ ಅದನ್ನು ಮಗುವಿನಂತೆ ತಬ್ಬಿಕೊಂಡು ಓಡಿಬಂದು ಸ್ನಾನದ ತೊಟ್ಟಿಗೆ ಬಿಟ್ಟ.

"ಮಾರ್ಲಿಸ್! ಫೋಟೋ ತೆಗಿ!"

"ಚರ್ಚಿಗೆ ಹೊತ್ತಾಯ್ತು. ನಾನು ಸ್ನಾನ ಎಲ್ಲಿ ಮಾಡ್ಲಿ, ಇದರ ಜೊತೇಲಾ?" ಎಂದಳು ಹೆಂಡತಿ. ಆದರೂ ಕನಿಕರದಿಂದ, ಒಳ್ಳೆಯ ಕ್ಯಾಮೆರಾ ಇದ್ದ ಎದುರುಮನೆ ಲವೋನಳನ್ನು ಕರೆದಳು. ಲವೋನಳ ಬೆನ್ನಿಗೇ, ಕರೆಯದಿದ್ದರೂ, ಪಕ್ಕದ ಮನೆಯ ಡುವೇನ್ ಬಂದ.

ಡುವೇನ್ ತೊಟ್ಟಿಗೆ ಇಣುಕಿ ಎದೆ ಹಿಡಿದುಕೊಂಡ. "ಅಯ್ಯೋ ಹಾರ್ಲನ್, ಇದು ಪೈಕ್ ಅಲ್ವೋ, ಅದರ ದಾಯಾದಿ ಮಸ್ಕಿ! ಜೂನ್ ಬರೋವರೆಗೂ ಮಸ್ಕಿ ಹಿಡಿಯೋ ಹಾಗಿಲ್ಲ. ಸಿಕ್ಕಿಹಾಕ್ಕೊಂಡೆ ನೀನು!"

"ಪೈಕೇ ಕಣೋ!"

"ಹಾಗಾದ್ರೆ ಕೆಳದವಡೆಯ ತೂತು ಎಣಿಸು. ಒಂದೊಂದು ಕಡೆ ಐದರವರೆಗಿದ್ರೆ ಪೈಕ್. ಆರೋ ಇನ್ನೂ ಹೆಚ್ಚೋ ಆದ್ರೆ ಮಸ್ಕಿ."

ನೀರಿನ ಅಲುಗಾಟ ತಿಳಿಯಲೆಂದು ಆ ಮೀನುಗಳ ದವಡೆಯಲ್ಲಿ ದೇವರು ಸೂಜಿಮೊನೆಯಷ್ಟು ತೂತುಗಳನ್ನಿಟ್ಟಿದ್ದಾನೆ. ಅವನ್ನೆಣಿಸಲು ಎಲ್ಲರೂ ತೊಟ್ಟಿಯ ಸುತ್ತ ಮೊಣಕಾಲೂರಿದರು. ಅವತ್ತಿನ ಪ್ರಾರ್ಥನೆ ಅಲ್ಲೇ ಮುಗಿದಂತಾಯಿತು. ಹಾರ್ಲನ್ ಮೂತಿ ಎತ್ತಿ ಹಿಡಿದ. ಮೀನು ಬಾಲ ಬೀಸಿದ ರಭಸಕ್ಕೆ ಡುವೇನನ ಕನ್ನಡಕ ನೀರಿಗೆ ಹೋಯಿತು. ಲವೋನ್ ಫೋಟೋ ಹೊಡೆಯುತ್ತಲೇ ಎಣಿಸಿದಳು.

"ಎಡಗಡೆ ಐದು. ಬಲಗಡೆ... ಆರು!"

"ಅಂದ್ರೆ ಅರ್ಧ ಪೈಕು, ಅರ್ಧ ಮಸ್ಕಿನಾ?" ಮಾರ್ಲಿಸ್ ಕೇಳಿದಳು.

"ಅರ್ಧ ತಪ್ಪಿಗೆ ಅರ್ಧ ಶಿಕ್ಷೆ ಅಂತ ಇಲ್ಲಮ್ಮ," ಎಂದ ಡುವೇನ್.

ಅಷ್ಟರಲ್ಲಿ ಹೊರಗೆ ಹಸಿರು ಟ್ರಕ್ ನಿಂತಿತು. ಮೀನುಗಾರಿಕೆಯ ಕಾನೂನು ಕಾಯುವ ಅಧಿಕಾರಿ ಟೆಸ್ ಇಳಿದಳು. ಹಾರ್ಲನ್ ಕಿಟಕಿಯಿಂದ ಅವಳನ್ನು ಕಂಡ. ಮೀನನ್ನು ಟವೆಲಿನಲ್ಲಿ ಸುತ್ತಿ, ಹಿಂಬಾಗಿಲಿಂದ ಓಡಿ, ನೀರಿಗೆ ಬಿಟ್ಟ. ಅದು ಹೋಗುವ ಮುನ್ನ ಬಾಲದಿಂದ ಅವನ ಕೆನ್ನೆಗೊಂದು ಕೊಟ್ಟೇ ಹೋಯಿತು.

ಏದುಸಿರು ಬಿಡುತ್ತ ಬಂದರೆ, ಟೆಸ್ ಅಡುಗೆಮನೆಯ ಕುರ್ಚಿಯಲ್ಲಿ ಕೂತಿದ್ದಳು. "ಭಾನುವಾರ ತೊಂದ್ರೆ ಕೊಡ್ತಿದೀನಿ ಹಾರ್ಲನ್. ಸಂಜೆ ತಂಗಿ ಮದುವೆ. ಸ್ವಲ್ಪ ಕೂದಲು ಕತ್ತರಿಸ್ತೀಯಾ?"

ಹಾರ್ಲನ್ ಅವಳ ಕೊರಳಿಗೆ ಬಟ್ಟೆ ಕಟ್ಟಿ, ಒಂದು ಕಡೆ ಕತ್ತರಿಸಿ ಮುಗಿಸುವಷ್ಟರಲ್ಲಿ ಲವೋನಳಿಗೆ ತಡೆಯಲಾಗಲಿಲ್ಲ. ಭಾನುವಾರ ಅವಳ ಹೊಟ್ಟೆಯಲ್ಲಿ ಸುಳ್ಳು ನಿಲ್ಲುವುದಿಲ್ಲ. ನಡೆದದ್ದನ್ನೆಲ್ಲ ಹೇಳಿ ಕ್ಯಾಮೆರಾವನ್ನು ಟೆಸ್ ಮುಂದೆ ಹಿಡಿದಳು.

ಟೆಸ್ ಚಿತ್ರ ಹಿಗ್ಗಿಸಿ ನೋಡಿದಳು. "ಇದು ಪೈಕ್. ಕೆನ್ನೆ ಪೂರ್ತಿ ಹುರುಪೆ ಇದೆ ನೋಡಿ. ಮಸ್ಕಿಗಾದ್ರೆ ಮೇಲರ್ಧ ಮಾತ್ರ."

"ಆರನೇ ತೂತು?"

"ಅದು ನಿನ್ನ ಗಾಳ ಚುಚ್ಚಿದ್ದು, ಮಾರಾಯ!"

ಫೋಟೋದಲ್ಲಾದರೂ ಮಾನ ಉಳಿಯಿತೇ ಎಂದು ನೋಡಿದರೆ, ಅದರಲ್ಲಿದ್ದದ್ದು ಮೀನಿನ ದವಡೆ ಮತ್ತು ಡುವೇನನ ಮೂಗು.

ಹಾರ್ಲನ್ ಕತ್ತರಿ ಕೆಳಗಿಟ್ಟು, ಸೀದಾ ಅಟ್ಟಕ್ಕೆ ಹೋಗಿ ಗಾಳ ಬೀಸಿದ. ಹಟ ಕಂಡು ನೀರಿಗೂ ಕನಿಕರವಾಯಿತೇನೋ, ಕೋಲು ಬಿಲ್ಲಿನಂತೆ ಬಗ್ಗಿತು. ಎಲ್ಲರೂ ಓಡಿಬಂದರು. ಡುವೇನ್ ಬಲೆ ಹಿಡಿದು ಸೊಂಟದವರೆಗೆ ನೀರಿಗಿಳಿದ. ಬಂದ ಮೀನು ಮೊದಲಿನದಕ್ಕೆ ಅಪ್ಪನಂತಿತ್ತು!

"ಈ ಸಲ ಮುಖ ಬರ್ಲಿ ಲವೋನ್, ನನ್ನ ಮುಖ!" ಹಾರ್ಲನ್ ಕೂಗಿದ.

"ತಡೀರಿ," ಎಂದು ಟೆಸ್, ಒಂದು ಕಡೆಯ ಕೂದಲು ಗಿಡ್ಡ, ಇನ್ನೊಂದು ಕಡೆ ಉದ್ದ, ಹಾಗೆಯೇ ಬಗ್ಗಿ ದವಡೆ ನೋಡಿದಳು. ಎರಡೂ ಕಡೆ ನಿಧಾನವಾಗಿ ಎಣಿಸಿದಳು.

"ಏಳು. ಆ ಕಡೇನೂ ಏಳು. ಗಾಳ ಮೂತಿ ತುದೀಲಿದೆ, ಅದರ ಮೇಲೆ ಹೊರಿಸೋ ಹಾಗಿಲ್ಲ. ಇದು ಅಸಲಿ ಮಸ್ಕಿ. ಬಿಟ್ಬಿಡು."

"ಒಂದೇ ಒಂದು ಫೋಟೋ..."

"ನನ್ನೆದುರಿಗೆ? ಮೊದಲು ನೀರಿಗೆ!"

ಹಾರ್ಲನ್ ಅದನ್ನು ಎರಡೂ ಕೈಯಲ್ಲಿ ಆನಿಸಿ ಹಿಡಿದ. ಮೀನು ಉಸಿರು ಕೂಡಿಸಿಕೊಂಡು, ಅಂಗೈ ಸವರಿ, ಆಳಕ್ಕಿಳಿಯಿತು. ಹಾರ್ಲನನಿಗೆ ಯಾಕೋ ನಗು ಬಂತು. ಅಂಗೈಗಳನ್ನು ಮೂಗಿಗೆ ಒತ್ತಿ ಆ ವಾಸನೆಯನ್ನು ಎದೆ ತುಂಬ ಎಳೆದುಕೊಂಡ. ಇದೊಂದಾದರೂ ತನ್ನದಾಗಿ ಉಳಿಯಿತಲ್ಲ!

"ಸೋಪು ಹಾಕಿ ಚೆನ್ನಾಗಿ ಉಜ್ಜಿ ತೊಳ್ಕೊಂಡು ಬಾ," ಎಂದಳು ಟೆಸ್, "ಇನ್ನೊಂದು ಕಡೆ ಕೂದಲು ಬಾಕಿ ಇದೆ. ಮದುವೆಗೆ ಹೋಗ್ಬೇಕು ನಾನು."