ಬೀಗರ ಕೋಣೆಯ ಬಿಸಿಗಾಳಿ

ಸಾಗಿನ್: ಏಸೀನ ಮೂವತ್ತಕ್ಕೆ ಇಟ್ಟಿದ್ದೀನಿ ಕಣೇ. ಅದಕ್ಕಿಂತ ಮೇಲೆ ಅಂಕಿಯೇ ಇಲ್ಲ.

ಬುರುಲ್ಚಾ: ಅಂಕಿ ಹೊದ್ಕೊಂಡು ಮಲಗೋಕಾಗುತ್ತೇನ್ರೀ? ಬೀಗರು ಬೂಟು ಹಾಕ್ಕೊಂಡೇ ಮಂಚದ ಮೇಲೆ ಕೂತಿದ್ದಾರೆ.

ಕೊರೆಯುವ ಚಳಿಯ ನಾರಿನ್ ಪೇಟೆಯಲ್ಲಿ ಈ ಗಂಡಹೆಂಡಿರದು ಪುಟ್ಟ ಹೋಟೆಲು. ಮಗಳು ಐಜಾದಾಳನ್ನು ನೋಡಲು ಗಂಡಿನ ತಂದೆ ಅಸನ್‌ಕುಲ್, ಚಳಿ ಕಡಿಮೆಯಿರುವ ಜಲಾಲ್‌ಅಬಾದಿನಿಂದ ಆ ಬೆಳಿಗ್ಗೆ ಬಂದಿಳಿದಿದ್ದರು. ಹುಡುಗ ಹುಡುಗಿ ಒಪ್ಪಿಯಾಗಿತ್ತು. ಹಿರಿಯರ ಒಂದು ಮಾತು ಬಾಕಿ. ಒಲೆಯ ಪಕ್ಕದಲ್ಲೇ ಹಾಸಿಗೆ ಹಾಸೋಣವೆಂದು ಬುರುಲ್ಚಾ ಬಡಕೊಂಡಿದ್ದಳು. ಹೊಸ ಏಸಿಯ ಕೋಣೆಯೇ ಆಗಬೇಕೆಂದು ಸಾಗಿನ್ ಹಟ ಹಿಡಿದಿದ್ದ.

ಸಾಗಿನ್: ಹೊರಗಡೆ ಒಂದು ಪೆಟ್ಟಿಗೆ ಇದೆಯಲ್ಲ, ಅದು ಹೊರಗಿನ ಗಾಳಿಯಿಂದ ಶಾಖ ಎಳ್ಕೊಂಡು ಒಳಗೆ ಬಿಡುತ್ತೆ.

ಬುರುಲ್ಚಾ: ನಮ್ಮೂರ ಚಳಿಗಾಲದ ಗಾಳೀಲಿ ಶಾಖ ಎಲ್ಲಿದೆ?

ಸಾಗಿನ್: ಇರುತ್ತೆ. ನಮಗೆ ಗೊತ್ತಾಗಲ್ಲ ಅಷ್ಟೆ.

ಬುರುಲ್ಚಾ: ಅದಕ್ಕೂ ಗೊತ್ತಾಗ್ತಿಲ್ಲ ಅನ್ಸುತ್ತೆ. ಈಗ ನಿಂತೇ ಹೋಗಿದೆ.

ಸಾಗಿನ್: ನಿಂತಿಲ್ಲ. ಪೆಟ್ಟಿಗೆ ಮೇಲೆ ಮಂಜು ಕಟ್ಟಿದೆ. ಕರಗಿಸ್ಕೊಳ್ತಾ ಇದೆ.

ಬುರುಲ್ಚಾ: ಕರಗಿಸೋಕೆ ಬಿಸಿ ಎಲ್ಲಿಂದ ತರುತ್ತೆ?

ಸಾಗಿನ್ ಗಡ್ಡ ಕೆರೆದುಕೊಂಡ.

ಸಾಗಿನ್: ಕೋಣೆಯಿಂದ. ಸ್ವಲ್ಪ.

ಬುರುಲ್ಚಾ: ಬೀಗರು ಬಂದಿರೋದು ಹೆಣ್ಣು ನೋಡೋಕೆ ಕಣ್ರೀ, ಪೆಟ್ಟಿಗೆ ಕಾಯಿಸೋಕಲ್ಲ!

ಅಷ್ಟರಲ್ಲಿ ಅಸನ್‌ಕುಲ್ ಮೆಟ್ಟಿಲಿಳಿದು ಬಂದರು. ಮೈಮೇಲೆ ಕೋಟು, ಕೋಟಿನ ಮೇಲೆ ಹೋಟೆಲಿನ ಕಂಬಳಿ, ತಲೆಗೆ ತುಪ್ಪಳದ ಟೋಪಿ.

ಸಾಗಿನ್: ಬನ್ನಿ ಬೀಗರೇ. ಕೋಣೆಯಲ್ಲಿ ಗಾಳಿ ಬರ್ತಿದೆಯಾ?

ಅಸನ್‌ಕುಲ್: ಬಿಟ್ಟು ಬಿಟ್ಟು ಬರ್ತಿದೆ. ನಿಲ್ಲಿಸಿದ್ರೂ ನಾನೇನೂ ಬೇಜಾರು ಮಾಡ್ಕೊಳ್ಳಲ್ಲ.

ಬುರುಲ್ಚಾ: ಒಂದು ಮಾತು ಹೇಳ್ಬಾರದಿತ್ತಾ ನೀವು?

ಅಸನ್‌ಕುಲ್: ಗಂಡಿನ ಕಡೆಯವರ ಗಟ್ಟಿತನ ನೋಡೋದು ನಿಮ್ಮ ಕಡೆ ಪದ್ಧತಿಯೇನೋ ಅಂತ ತಡ್ಕೊಂಡೆ.

ಸಾಗಿನ್ ಬಾಯಿ ತೆರೆದ. ಬುರುಲ್ಚಾ ಅವನ ಕಾಲು ತುಳಿದಳು.

ಬುರುಲ್ಚಾ: ಪದ್ಧತಿಯೇ ಬೀಗರೇ. ನೀವು ಗೆದ್ರಿ. ಬನ್ನಿ, ಒಲೆ ಹತ್ರ ಕೂತ್ಕೊಳ್ಳಿ.

ಐಜಾದಾ ಬಿಸಿ ಚಹಾ ತಂದುಕೊಟ್ಟಳು. ಜೊತೆಗೊಂದು ಬಟ್ಟಲು ಕುರಿಮಾಂಸದ ಸಾರು. ಅಸನ್‌ಕುಲ್ ಮೊದಲು ಟೋಪಿ ತೆಗೆದರು, ಆಮೇಲೆ ಕಂಬಳಿ. ಕೋಟಿನ ಗುಂಡಿ ಬಿಚ್ಚುವಷ್ಟು ಬೆರಳು ಸಡಿಲವಾದ ಮೇಲೆ ಬಾಯಿ ಬಿಟ್ಟರು.

ಅಸನ್‌ಕುಲ್: ಹುಡುಗಿ ನಮಗೆ ಒಪ್ಪಿಗೆ. ಮದುವೆ ಮಾತ್ರ ಬೇಸಿಗೇಲಿ ಇಟ್ಕೊಳ್ಳೋಣ.

ಬುರುಲ್ಚಾಳ ಕಣ್ಣು ಒದ್ದೆಯಾಯಿತು. ಸಾರಿನ ಹಬೆ ತಾಗಿದಂತೆ ನಟಿಸಿ ಅಂಗಿಯ ತೋಳಿನಲ್ಲೇ ಒರೆಸಿಕೊಂಡಳು. ಸಾಗಿನ್‌ಗೆ ಹಿಗ್ಗು ತಡೆಯಲಾಗಲಿಲ್ಲ.

ಸಾಗಿನ್: ಬೇಸಿಗೇಲೂ ನಿಮಗೆ ಅದೇ ಕೋಣೆ ಬೀಗರೇ! ಆಗ ಏಸಿ ತಂಪುಗಾಳಿ ಬೀಸುತ್ತೆ.

ಅಸನ್‌ಕುಲ್ ಬಿಚ್ಚಿದ ಗುಂಡಿಯನ್ನು ಮತ್ತೆ ಹಾಕಿಕೊಂಡರು.

ಅಸನ್‌ಕುಲ್: ಈಗ ಬೀಸೋದಕ್ಕಿಂತಲೂ ತಂಪಾ?